ಸುಟ್ಟ ಗಾಯಕ್ಕೆ ಉರಿಯೂತದ ಮಾತ್ರೆ: ಮೊದಲ ಗಂಟೆಗಳಲ್ಲೇ ಬೇಕೇ?

ಪರ

ಶಿರಸಿ ಸೀಮೆಯಲ್ಲಿ ಅಡಿಕೆ ಬೇಯಿಸುವ ದಿನಗಳಲ್ಲಿ ಹಂಡೆಯ ಕುದಿಯುವ ಚೊಗರು ಮುಂಗೈಗೆ ಚೆಲ್ಲಿದರೆ, ಚರ್ಮಕ್ಕಾಗುವ ಹಾನಿ ಆ ಕ್ಷಣಕ್ಕೇ ಮುಗಿಯುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಡಗ್ಲಾಸ್ ಜಾಕ್ಸನ್ 1953ರಲ್ಲಿ ವಿವರಿಸಿದಂತೆ, ಗಾಯದ ನಡುವೆ ಸತ್ತ ಚರ್ಮ, ಹೊರ ಅಂಚಿನಲ್ಲಿ ರಕ್ತ ನುಗ್ಗಿ ಕೆಂಪಾದ ಭಾಗ, ಇವೆರಡರ ಮಧ್ಯೆ ರಕ್ತಸಂಚಾರ ಕುಂಠಿತವಾದ ಒಂದು ಪಟ್ಟಿ ಇರುತ್ತದೆ. ಒಂದೆರಡು ದಿನಗಳಲ್ಲಿ ಈ ಪಟ್ಟಿ ಚೇತರಿಸಿಕೊಳ್ಳಲೂಬಹುದು, ಸಾಯಲೂಬಹುದು. ಗಾಯದಲ್ಲಿ ಹೆಚ್ಚುವ ಥ್ರಾಂಬೊಕ್ಸೇನ್ ಎಂಬ ರಾಸಾಯನಿಕ ಕಿರುನಾಳಗಳನ್ನು ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಗುಂಪುಗೂಡಿಸುತ್ತದೆ. ನೋವು, ಉರಿಯೂತ ತಗ್ಗಿಸುವ ಐಬುಪ್ರೊಫೆನ್ ಮಾತ್ರೆ ಅದರ ತಯಾರಿಕೆಯನ್ನೇ ತಡೆಯುವುದರಿಂದ, ಬೇಗ ಕೊಟ್ಟರೆ ಆ ಪಟ್ಟಿಗೆ ರಕ್ತ ಹರಿಯುವ ಅವಕಾಶ ಹೆಚ್ಚುತ್ತದೆ ಎಂಬ ವಾದಕ್ಕೆ ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳ ಬೆಂಬಲವಿದೆ. ಜೊತೆಗೆ ನೋವು ಇಳಿಯುತ್ತದೆ. ರಾತ್ರಿಯಿಡೀ ಉರಿ ತಿಂದವರಿಗೆ ಅದು ಸಣ್ಣ ಲಾಭವಲ್ಲ.

ವಿರೋಧ

ಪ್ರಯೋಗಾಲಯದ ಇಲಿಗೆ ಸುಟ್ಟ ಗಳಿಗೆಯನ್ನು ನೋಡಿಕೊಂಡೇ ಔಷಧ ಕೊಡಬಹುದು. ಜೋಯಿಡಾದ ಒಳಹಳ್ಳಿಯಿಂದ ಘಟ್ಟ ಇಳಿದು ಕಾರವಾರದ ಆಸ್ಪತ್ರೆ ಸೇರುವ ರೋಗಿಯ ಕತೆ ಬೇರೆ. ಮನುಷ್ಯರಲ್ಲಿ ಗಾಯದ ಆಳ ತಗ್ಗಿಸಲೆಂದೇ ಈ ಮಾತ್ರೆ ಕೊಡುವುದು ಇಂದಿಗೂ ರೂಢಿಯ ಚಿಕಿತ್ಸೆಯಲ್ಲ. ಮೇಲಿನ ವಾದ ಇನ್ನೊಂದು ಸಂಗತಿಯನ್ನೂ ಬಿಟ್ಟಿದೆ: ಥ್ರಾಂಬೊಕ್ಸೇನಿನ ಜೊತೆಗೆ, ನಾಳಗಳನ್ನು ಹಿಗ್ಗಿಸುವ ಪ್ರೊಸ್ಟಾಸೈಕ್ಲಿನ್ನನ್ನೂ ಅದೇ ಮಾತ್ರೆ ತಡೆಯುತ್ತದೆ.

ಹೆಚ್ಚಿನ ಅಪಾಯ ಮೂತ್ರಪಿಂಡಕ್ಕೆ. ಅಂಗೈ ಬೆರಳುಗಳೂ ಸೇರಿ ಮೈಯ ಸುಮಾರು ಶೇಕಡ 1 ಎಂಬ ಲೆಕ್ಕದಲ್ಲಿ, ಶೇಕಡ 20ರಷ್ಟು ಸುಟ್ಟ ವಯಸ್ಕರ ರಕ್ತನಾಳಗಳಿಂದ ದ್ರವ ಸೋರಿ ಮೈಯೆಲ್ಲ ಬಾತುಕೊಳ್ಳುತ್ತದೆ, ರಕ್ತದ ಪ್ರಮಾಣ ಇಳಿಯುತ್ತದೆ. ಆಗ ಮೂತ್ರಪಿಂಡದ ನಾಳಗಳನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್. ಐಬುಪ್ರೊಫೆನ್ ಅದನ್ನೂ ಕಿತ್ತುಕೊಳ್ಳುತ್ತದೆ. ದೊಡ್ಡ ಸುಟ್ಟಗಾಯದಲ್ಲಿ ಹೊಟ್ಟೆಹುಣ್ಣಿನ ಭಯವೂ ಮೊದಲೇ ಇರುತ್ತದೆ; ಈ ಮಾತ್ರೆ ಅದನ್ನು ಹೆಚ್ಚಿಸುತ್ತದೆ.

ಬೆರಳಿನ ಗುಳ್ಳೆಗೆ, ಹೊಟ್ಟೆಯ ಅಥವಾ ಮೂತ್ರಪಿಂಡದ ತೊಂದರೆಯಿಲ್ಲದವರು ಊಟದ ನಂತರ ಒಂದು ಮಾತ್ರೆ ನುಂಗಿದರೆ ನನ್ನ ತಕರಾರಿಲ್ಲ. ಆದರೆ ಆ ಬೆರಳಿಗೂ ಮೊದಲು ಬೇಕಾದದ್ದು 20 ನಿಮಿಷ ಹರಿಯುವ ತಣ್ಣೀರು; ಮೂರು ಗಂಟೆಯೊಳಗೆ ಹಿಡಿದರೂ ಅದರಿಂದ ಪ್ರಯೋಜನವಿದೆ. ಗಾಯ ದೊಡ್ಡದಾದರೆ ಡ್ರಿಪ್ ಮೂಲಕ ಕೊಡುವ ದ್ರವದ್ದೇ ಮುಖ್ಯ ಪಾತ್ರ: 24 ಗಂಟೆಗೆ ಲೆಕ್ಕಹಾಕಿದ ದ್ರವದ ಅರ್ಧವನ್ನು ಮೊದಲ 8 ಗಂಟೆಯಲ್ಲಿ ಕೊಡಬೇಕು, ಮತ್ತು ಆ 8 ಗಂಟೆ ಶುರುವಾಗುವುದು ಆಸ್ಪತ್ರೆ ಸೇರಿದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ.