ಆಶ್ ಹೇಳಿದ್ದು ಬರೀ ಕುರಿಮಂದೆಯ ಕಥೆಯಲ್ಲ

ಮನಶ್ಶಾಸ್ತ್ರಜ್ಞ ಸೊಲೊಮನ್ ಆಶ್ ಅವರ ಓದು, ಸಂಶೋಧನೆ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ಧನ್ಯವಾದ. 1907ರಲ್ಲಿ ವಾರ್ಸಾದಲ್ಲಿ ಹುಟ್ಟಿ, 1920ರಲ್ಲಿ ಅಮೆರಿಕಕ್ಕೆ ಬಂದು, 1932ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ ಮುಗಿಸಿದ್ದೆಲ್ಲ ಚೆನ್ನಾಗಿ ಬಂದಿದೆ. ಆದರೆ ಅವರ ಗೆರೆ ಪ್ರಯೋಗ "ಜನ ಕುರಿಮಂದೆ ಅಂತ ಸಾಬೀತು ಮಾಡಿತು" ಎಂದಿದ್ದೀರಲ್ಲ, ಅದನ್ನು ಒಪ್ಪಲು ನನಗೆ ಆಗಲಿಲ್ಲ.

ಆ ಪ್ರಯೋಗ ನಡೆದ ಕೋಣೆಯನ್ನು ಸ್ವಲ್ಪ ನೆನೆಸಿಕೊಳ್ಳಿ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಯಾವುದು ಸಮ ಅಂತ ಚಿಕ್ಕ ಮಗುವೂ ಹೇಳುತ್ತೆ. ಆದರೆ ತಪ್ಪು ಉತ್ತರ ಕೊಡಿ ಅಂತ ಆಶ್ ಮೊದಲೇ ಹೇಳಿಕೊಟ್ಟಿದ್ದ ಹುಡುಗರೆಲ್ಲ ಒಬ್ಬರಾದ ಮೇಲೊಬ್ಬರು ತಪ್ಪು ಗೆರೆಯನ್ನೇ ಹೇಳುತ್ತಾರೆ. ಏನೂ ಗೊತ್ತಿಲ್ಲದ ಹುಡುಗನ ಸರದಿ ಬರುತ್ತೆ. ಪಾಪ, ಅವನಿಗೆ ಹೇಗಾಗಿರಬೇಡ! ಅಂಥ ಸುತ್ತುಗಳಲ್ಲಿ ಗುಂಪಿನ ಜೊತೆ ಹೋದ ಉತ್ತರಗಳು ಮೂರರಲ್ಲೊಂದು ಪಾಲು. ಅಂದರೆ ಮೂರರಲ್ಲೆರಡು ಪಾಲು ಸರಿ ಉತ್ತರವೇ. ಸುಮಾರು ಕಾಲು ಭಾಗ ಜನ ಒಮ್ಮೆಯೂ ಬಗ್ಗಲಿಲ್ಲ. ಇದನ್ನು ಬಿಟ್ಟರೆ ಆಶ್ ಅವರಿಗೆ ಅನ್ಯಾಯ ಅಲ್ವಾ?

ನನಗೆ ಜಾಸ್ತಿ ಇಷ್ಟವಾಗೋದು ಮುಂದಿನ ಭಾಗ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾಗಿ ಹೇಳಿದರೂ ಸಾಕು, ತಪ್ಪು ಉತ್ತರಗಳು ತೀರಾ ಕಡಿಮೆಯಾದವು. ಹೋದ ವರ್ಷ ನಮ್ಮ ಬಡಾವಣೆಯ ಮೀಟಿಂಗಿನಲ್ಲಿ ಬೋರ್‌ವೆಲ್ ಲೆಕ್ಕ ಓದಿದಾಗ ಎಲ್ಲರೂ ತಲೆ ಆಡಿಸಿದರು. ನಾನೂ ಸುಮ್ನೆ ಕೂತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ "ಕೂಡಿದ್ದು ತಪ್ಪಾಗಿದೆ ಕಣಪ್ಪ" ಅಂದರು. ಆಮೇಲೆ ನನ್ನ ಕೈಯೂ ಮೇಲೆ ಹೋಯಿತು.