ಟೈಮಿಂಗ್ ಬೆಲ್ಟ್ ಎಂಬ ಉಪದ್ವ್ಯಾಪ

ಕಾರಿನ ಬಾನೆಟ್ ಎತ್ತಿ ನಿಲ್ಲಿಸಿದ ಕೂಡಲೇ ಅದರ ಸುತ್ತ ಇಷ್ಟೊಂದು ತಜ್ಞರು ಎಲ್ಲಿಂದ ಹುಟ್ಟಿಕೊಳ್ಳುತ್ತಾರೆ ಎಂಬುದು ನನಗೆ ಇಂದಿಗೂ ಬಗೆಹರಿಯದ ಸಂಗತಿ. ಒಬ್ಬರು ತಲೆ ವಾಲಿಸಿ ಕೇಳಿ ‘ಟ್ಯಾಪೆಟ್’ ಎನ್ನುತ್ತಾರೆ. ಇನ್ನೊಬ್ಬರು ಹೊಗೆಯನ್ನು ಮೂಸಿ ‘ಪಿಸ್ಟನ್ ರಿಂಗ್’ ಎನ್ನುತ್ತಾರೆ. ಮೂರನೆಯವರು ಯಾವುದನ್ನೂ ನೋಡದೆ, ಕೇಳದೆ, ‘ಮಾರಿಬಿಡಿ’ ಎಂದು ತೀರ್ಪು ಕೊಟ್ಟು ನಡೆದುಬಿಡುತ್ತಾರೆ. ಈ ಮೂವರಲ್ಲಿ ಹೆಚ್ಚು ಸಲ ಸರಿಯಾಗಿರುವುದು ಮೂರನೆಯವರೇ ಎಂಬುದು ನನ್ನ ಅನುಮಾನ, ಆದರೆ ಅದನ್ನು ಒಪ್ಪಿಕೊಂಡರೆ ಸ್ಪ್ಯಾನರು ಕೊಂಡದ್ದಕ್ಕೆ ಅರ್ಥವಿರುವುದಿಲ್ಲ.

ನಮ್ಮ ಕಾರಿನ ಕಾಯಿಲೆ ಗುಟ್ಟಿನದೇನೂ ಆಗಿರಲಿಲ್ಲ. ನಿಂತಲ್ಲೇ ಎಂಜಿನ್ ಗಡಗಡ ನಡುಗುತ್ತಿತ್ತು. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿಟುಕುತ್ತಿತ್ತು. ದೀಪ ಸುಮ್ಮನೆ ಉರಿಯುತ್ತಿದ್ದರೆ ‘ಬಿಡುವಾದಾಗ ನೋಡು’ ಎಂದರ್ಥ. ಮಿಟುಕುತ್ತಿದ್ದರೆ ಉರಿಯದ ಪೆಟ್ರೋಲು ಎಕ್ಸಾಸ್ಟಿಗೆ ಹೋಗಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಮೊದಲು ಗಾಡಿ ನಿಲ್ಲಿಸು ಎಂದರ್ಥ. ಕಾರೇ ತನ್ನ ದೋಷ ಪತ್ತೆಹಚ್ಚಿಕೊಳ್ಳುವ ವ್ಯವಸ್ಥೆಯಾದ ಒಬಿಡಿಗೆಂದು ಸ್ಟಿಯರಿಂಗಿನ ಕೆಳಗೆ ಅಡಗಿರುವ ಕಿಂಡಿಗೆ ಸ್ಕ್ಯಾನರ್ ಚುಚ್ಚಿದರೆ ಎಂಜಿನ್ನೇ ತನ್ನ ದೂರನ್ನು ಸಂಕೇತದಲ್ಲಿ ಹೇಳಿಕೊಳ್ಳುತ್ತದೆ. 1996ರಲ್ಲಿ ಅಮೆರಿಕ ಕಡ್ಡಾಯ ಮಾಡಿದ ಈ ವ್ಯವಸ್ಥೆ ಬಂದ ಮೇಲೆ ಊಹೆಗೆ ಅವಕಾಶವಿಲ್ಲ ಎಂದು ನಂಬುವವರಿದ್ದಾರೆ. ವಾಸ್ತವದಲ್ಲಿ ಅದು ಊಹೆಗೆ ಒಂದು ನಂಬರನ್ನು ದಯಪಾಲಿಸಿದೆ, ಅಷ್ಟೇ.

ನಮಗೆ ಬಂದದ್ದು ಪಿ0301, ಅಂದರೆ ಒಂದನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಲ್ಲಿ ಪೆಟ್ರೋಲು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಎಲ್ಲಿ ನೋವು ಎಂಬುದನ್ನು ಅದು ಹೇಳಿತೇ ಹೊರತು ಏಕೆ ಎಂಬುದನ್ನು ಹೇಳಲಿಲ್ಲ. ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರಿನ ಕಂಪ್ರೆಷನ್, ಯಾವುದು ಬೇಕಾದರೂ ಆಗಿರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪದ್ಧತಿ ಅತ್ಯಂತ ಸಮೃದ್ಧವಾಗಿ ಬೆಳೆದಿರುವುದು ಇಲ್ಲಿಯೇ. ಮಿಶ್ರಣದಲ್ಲಿ ಪೆಟ್ರೋಲು ಸಾಲದೆಂದು ಪಿ0171 ದೂರಿದರೆ ಜನ ಆಕ್ಸಿಜನ್ ಸೆನ್ಸರನ್ನೇ ಬದಲಾಯಿಸಿ ಬರುತ್ತಾರೆ; ಪಾಪ, ಅದು ಸುದ್ದಿ ಮುಟ್ಟಿಸಿದ್ದಷ್ಟೇ ತಪ್ಪು, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪೊಂದು ಪಕ್ಕದಲ್ಲೇ ನಿಶ್ಚಿಂತೆಯಿಂದ ಗಾಳಿ ಸೇದುತ್ತಿರುತ್ತದೆ. ಮಿಸ್‌ಫೈರಿಗೆ ಮಾತ್ರ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದರದ್ದನ್ನು ಒಂದನೆಯದಕ್ಕೂ ಹಾಕಿ ಓಡಿಸಬೇಕು. ದೂರು ಪಿ0302 ಎಂದು ಬದಲಾದರೆ ಕಳ್ಳ ಕಾಯಿಲೇ. ಬದಲಾಯಿತು. ಹೊಸ ಕಾಯಿಲ್ ಹಾಕಿದ ಮೇಲೆ ನಡುಕವೂ ನಿಂತಿತು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಒಂದನೆಯ ಸಿಲಿಂಡರಿನ ಪಕ್ಕದಲ್ಲಿಯೇ ಪಿಸ್ಟನ್ನಿನ ಚಲನೆಗೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟಿನ ಪ್ಲಾಸ್ಟಿಕ್ ಮುಚ್ಚಳವಿದ್ದು, ಅದರ ಮೇಲೆ ಹಿಂದಿನ ಮಾಲೀಕರ ಕಾಲದ ಮಾಸಲು ಚೀಟಿಯೊಂದು ಅಂಟಿಕೊಂಡಿತ್ತು. ಅದರಲ್ಲಿದ್ದ ಕಿಲೋಮೀಟರಿಗೂ ಓಡೋಮೀಟರಿನ ಅಂಕಿಗೂ ನಡುವೆ ಒಂದು ಲಕ್ಷಕ್ಕಿಂತ ಹೆಚ್ಚಿನ ವ್ಯತ್ಯಾಸವಿತ್ತು. ಇಷ್ಟು ದಿನ ನಡುಗಿ, ದೀಪ ಮಿಟುಕಿಸಿ ಊರೆಲ್ಲ ಸೇರಿಸಿದ್ದು ಅಂಗೈಯಗಲದ ಒಂದು ಕಾಯಿಲ್. ನಿಜವಾಗಿ ಎಂಜಿನ್ನಿನ ಪ್ರಾಣ ಹಿಡಿದುಕೊಂಡಿದ್ದ ಬೆಲ್ಟ್ ಚಕಾರವೆತ್ತಿರಲಿಲ್ಲ. ಬೆಲ್ಟಿನ ಬದಲು ಚೈನಿರುವ ಎಂಜಿನ್ ಆಗಿದ್ದರೆ, ಚೈನು ಸಡಿಲವಾದಾಗ ಗಲಗಲ ಸದ್ದು ಮಾಡಿ ಎಚ್ಚರಿಸುತ್ತದೆ. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಎಂಬ ಪುಟ್ಟ ಕಾರಿನ ಮೂಲಕ ರಬ್ಬರಿನ ಹಲ್ಲುಬೆಲ್ಟ್ ಸಾಮಾನ್ಯ ಕಾರುಗಳ ಲೋಕಕ್ಕೆ ಕಾಲಿಟ್ಟಾಗ ಎಲ್ಲರೂ ಮೆಚ್ಚಿದ ಗುಣ ಅದರ ಮೌನವೇ. ಆ ಮೌನವನ್ನು ಅದು ತುಂಡಾಗುವ ಕ್ಷಣದವರೆಗೂ ಪಾಲಿಸುತ್ತದೆ ಎಂಬುದು ನಿಧಾನವಾಗಿ ತಿಳಿದುಬಂದ ವಿಷಯ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚಿಕೊಳ್ಳುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವ್ ಇಳಿಯುವ ಜಾಗಕ್ಕೇ ಪಿಸ್ಟನ್ ಏರುತ್ತದೆ, ಇಬ್ಬರೂ ಮುಖಾಮುಖಿಯಾಗದಂತೆ ಸರದಿ ಕಾಯುವುದು ಬೆಲ್ಟ್ ಒಂದೇ. ಅದು ತುಂಡಾದರೆ ವಾಲ್ವುಗಳು ಡೊಂಕಾಗಲು ಒಂದು ಸೆಕೆಂಡೂ ಬೇಕಿಲ್ಲ.

ಆದ್ದರಿಂದ ಬೆಲ್ಟನ್ನು ಮನೆಯಲ್ಲಿಯೇ ಬದಲಾಯಿಸುವುದೆಂದು ತೀರ್ಮಾನವಾಯಿತು. ಬೆಲ್ಟ್ ತೆಗೆದು ಹಾಕುವುದು ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಉಳಿದ ಸಮಯವೆಲ್ಲ ಅದರ ಬಳಿಗೆ ಹೋಗುವುದರಲ್ಲಿ ಕಳೆಯುತ್ತದೆ. ಕೈಪಿಡಿಯಲ್ಲಿ ‘ಮುಚ್ಚಳವನ್ನು ತೆಗೆಯಿರಿ’ ಎಂದು ಎರಡೇ ಪದಗಳಿವೆ. ಮುಚ್ಚಳದ ಕೊನೆಯ ಬೋಲ್ಟು ಎಂಜಿನ್ ಮೌಂಟಿನ ಹಿಂದಿದೆ, ಮೌಂಟ್ ಬಿಚ್ಚಬೇಕಾದರೆ ಎಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಜಾಕಿನಿಂದ ಆಧಾರ ಕೊಡಬೇಕು, ಜಾಕ್ ಒಳಹೋಗಬೇಕಾದರೆ ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು ಎಂಬ ವಿವರಗಳನ್ನು ಓದುಗರ ಕಲ್ಪನಾಶಕ್ತಿಗೆ ಬಿಡಲಾಗಿದೆ. ಹತ್ತರ ಸಾಕೆಟ್ ಕಳೆದುಹೋದ ವಿಷಯವನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದು ಕಳೆಯದ ಮನೆ ಯಾವುದೂ ಇಲ್ಲ.

ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ದಂಡದ ತುದಿಯಲ್ಲಿರುವ ಪುಲ್ಲಿಯ ಬೋಲ್ಟಿಗೆ ಮಾತ್ರ ಪ್ರತ್ಯೇಕ ಗೌರವ ಸಲ್ಲಬೇಕು. ಅದನ್ನು ಸಡಿಲಿಸಲು ಹೋದರೆ ಬೋಲ್ಟಿನ ಬದಲು ಎಂಜಿನ್ನೇ ತಿರುಗುತ್ತದೆ. ಪರಿಹಾರವೆಂದರೆ ಗಾಡಿಯನ್ನು ಐದನೆಯ ಗೇರಿನಲ್ಲಿಟ್ಟು ಒಬ್ಬರು ಬ್ರೇಕನ್ನು ಬಲವಾಗಿ ತುಳಿದುಕೊಂಡಿರುವುದು. ಆ ಹುದ್ದೆಗೆ ಅಣ್ಣನನ್ನು ನೇಮಿಸಿದೆ. ನಾನು ಉದ್ದನೆಯ ಬಾರ್ ಮೇಲೆ ಇಡೀ ದೇಹದ ಭಾರ ಹಾಕಿ, ಬೋಲ್ಟ್ ಇನ್ನೇನು ‘ಕಟಕ್’ ಎನ್ನಬೇಕು ಎನ್ನುವಾಗ ಅವನಿಗೆ ಫೋನ್ ಬಂತು, ಮತ್ತು ಕೂತು ಮಾತನಾಡುವಾಗ ಕಾಲು ಸಡಿಲಬಿಡುವುದು ಅವನ ಹುಟ್ಟುಗುಣ. ಎಂಜಿನ್ ನುಣ್ಣಗೆ ಕಾಲು ಸುತ್ತು ತಿರುಗಿತು. ನಾನು ಬಾರ್ ಸಮೇತ ಬಂಪರಿನ ಕೆಳಗೆ ಹೋದೆ. ‘ಬಿಚ್ಚಿತೇ?’ ಎಂದು ಒಳಗಿನಿಂದ ಕೇಳಿದ ಧ್ವನಿಯಲ್ಲಿ ನಿಜವಾದ ಕಾಳಜಿಯಿತ್ತು.

ಇಷ್ಟು ದೂರ ಬಂದವರು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ವಾಟರ್ ಪಂಪನ್ನೂ ಬದಲಾಯಿಸುವುದು ವಾಡಿಕೆ, ಏಕೆಂದರೆ ಪಂಪನ್ನು ತಿರುಗಿಸುವುದೂ ಅನೇಕ ಕಾರುಗಳಲ್ಲಿ ಇದೇ ಬೆಲ್ಟು. ಮುಂದೆ ಅದು ಸೋರಿದರೆ ಇದೇ ಯಾತ್ರೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಕೂಲಂಟ್ ಬಸಿಯಲು ಕೆಳಗಿಟ್ಟ ಪಾತ್ರೆ ದೊಡ್ಡದಾಗಿಯೇ ಇತ್ತು. ಕೂಲಂಟ್ ಮಾತ್ರ ಪಾತ್ರೆಯನ್ನು ಕಡೆಗಣಿಸಿ ನನ್ನ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ಹರಿದು, ಅಂಗಿಯೊಳಗೆ ತನ್ನದೇ ದಾರಿ ಕಂಡುಕೊಂಡಿತು.

ಕೊನೆಗೂ ಬೆಲ್ಟಿನ ದರ್ಶನವಾಯಿತು. ಕ್ರ್ಯಾಂಕ್ ಚಕ್ರದ ಗೀರು ಎಂಜಿನ್ ಮೇಲಿನ ಬಾಣಕ್ಕೂ, ವಾಲ್ವುಗಳನ್ನು ಒತ್ತುವ ಕ್ಯಾಮಿನ ಚಕ್ರದ ಚುಕ್ಕಿ ಮೇಲಿನ ಕಚ್ಚಿಗೂ ಸರಿಯಾಗಿ ಎದುರಾಗಿರಬೇಕು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ಹೀಗಾಗಿ ಕೆಳಗಿನ ಗುರುತು ಸರಿಯಾಗಿದ್ದು ಮೇಲಿನದು ತಲೆಕೆಳಗಾಗಿರುವ ಸಾಧ್ಯತೆಯೂ ಇದೆ, ಮತ್ತು ಮೊದಲು ಒದಗುವುದೂ ಅದೇ. ಗುರುತುಗಳ ಮೇಲೆ ಬಿಳಿ ಬಣ್ಣ ಹಚ್ಚಿ, ಹಳೆಯ ಬೆಲ್ಟನ್ನು ಸರಿಸಿದೊಡನೆ ವಾಲ್ವ್ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ಬೆಚ್ಚಿಬಿದ್ದಂತೆ ಪಕ್ಕಕ್ಕೆ ಜಾರಿತು. ಅದನ್ನು ಸ್ಪ್ಯಾನರಿನಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಹೊಸ ಬೆಲ್ಟನ್ನು ಮಡಿಸದೆ, ಎಣ್ಣೆ ತಾಗಿಸದೆ ತೂರಿಸುವಾಗ, ಮನುಷ್ಯನಿಗೆ ಎರಡೇ ಕೈ ಸಾಕೆಂದು ನಿರ್ಧರಿಸಿದವರ ಬಗ್ಗೆ ನನಗೆ ಗೌರವ ಉಳಿಯಲಿಲ್ಲ. ಕಿತ್ತು ಬಂದ ಹಳೆಯ ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಬಿರುಕಿಲ್ಲ, ಹಲ್ಲು ಸವೆದಿಲ್ಲ, ಹೊಸದಕ್ಕಿಂತ ಸ್ವಲ್ಪ ಹೆಚ್ಚು ಮಿರುಗುತ್ತಿತ್ತು. ಒಳಗಿನ ಗಾಜಿನ ನಾರುಗಳು ಎಷ್ಟು ದಣಿದಿವೆ ಎಂಬುದನ್ನು ಹೊರಗಿನ ರಬ್ಬರ್ ಹೇಳುವುದಿಲ್ಲ.

ಟೆನ್ಷನರ್ ಬಿಗಿದ ಮೇಲೆ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಒತ್ತಾಯ ಮಾಡದೆ ನಿಲ್ಲಿಸಬೇಕು. ತಡೆಯಲಿಲ್ಲ, ಗುರುತುಗಳೆಲ್ಲ ಮತ್ತೆ ಎದುರುಬದುರಾದವು. ಬ್ಯಾಟರಿಯ ನೆಗೆಟಿವ್ ತಂತಿ ಜೋಡಿಸಿ ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಏಟಿಗೆ ಶುರುವಾಯಿತು. ರೇಡಿಯೋ ಮಾತ್ರ, ಬ್ಯಾಟರಿ ಕಳಚಿದ್ದರಿಂದ ತನ್ನನ್ನು ಯಾರೋ ಕದ್ದಿದ್ದಾರೆಂದು ಭಾವಿಸಿ, ಹಿಂದಿನ ಮಾಲೀಕರಿಗಷ್ಟೇ ಗೊತ್ತಿದ್ದ ರಹಸ್ಯ ಅಂಕಿಯನ್ನು ಕೇಳುತ್ತ ಬಾಯಿ ಮುಚ್ಚಿಕೊಂಡು ಕೂತಿತು. ಹಾಗೆಯೇ ಪರೀಕ್ಷೆಗೆಂದು ಗಾಡಿ ಓಡಿಸಿದಾಗ, ಇಷ್ಟು ವರ್ಷ ಹಾಡಿನ ಅಡಿಯಲ್ಲಿ ಅವಿತಿದ್ದ ಗುಂಯ್‌ಗುಡುವ ಸದ್ದೊಂದು ಹಿಂದಿನ ಎಡಚಕ್ರದಿಂದ ಸ್ಪಷ್ಟವಾಗಿ ಕೇಳಿಸಿತು. ವೇಗದೊಡನೆ ಏರುತ್ತಿತ್ತು, ಬಲಕ್ಕೆ ತಿರುಗಿಸಿದಾಗ ಇನ್ನೂ ಜೋರಾಗುತ್ತಿತ್ತು. ಚಕ್ರದ ಬೇರಿಂಗ್ ಹೋಗಿದೆ ಎಂದು ನಾನು ಅಣ್ಣನಿಗೆ ವಿವರಿಸಿದೆ. ಅವನು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಮೊದಲು ರೇಡಿಯೋ ಸರಿಮಾಡಿಸು ಎಂದ.