ನೀಲಿ ನೀರಲ್ಲಿ ಮುಳುಗದ ಹನಿ

ಹೋದ ಭಾನುವಾರ ಮೈಸೂರಿನ ನಮ್ಮ ಬಡಾವಣೆಯಲ್ಲಿ ರಕ್ತದಾನ ಶಿಬಿರ ಇತ್ತು. ನಾನೂ ಹುಮ್ಮಸ್ಸಿನಿಂದ ಹೋದೆ. ಸಿಸ್ಟರ್ ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಪುಟ್ಟ ಲೋಟದ ನೀಲಿ ನೀರಿಗೆ ಬಿಟ್ಟರು. ಅದು ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ರಕ್ತ ಕೊಡೋಕೆ ಬೇಕಾದಷ್ಟು, ಅಂದರೆ 100 ಮಿಲಿಲೀಟರ್‌ಗೆ 12.5 ಗ್ರಾಂ ಇದ್ದರೆ ಹನಿ ನೇರ ತಳಕ್ಕೆ ಹೋಗುತ್ತದೆ. ನನ್ನ ಹನಿ ಅರ್ಧಕ್ಕೆ ಇಳಿದು, ಅಲ್ಲೇ ತೂಗಾಡಿ, ಮೆಲ್ಲಗೆ ಮೇಲಕ್ಕೆ ಬಂತು. ಮೆಷಿನ್‌ನಲ್ಲಿ ನೋಡಿದರೆ 11.8.

"ರಕ್ತ ಕಮ್ಮಿ ಮೇಡಂ, ಬೀಟ್ರೂಟ್ ತಿನ್ನಿ" ಅಂದರು.

ಪಕ್ಕದಲ್ಲಿ ನಮ್ಮ ರಸ್ತೆಯವರೇ ಒಬ್ಬರು. ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವವರು. ಅವರದ್ದು 16! "ನಮ್ದು ಗಟ್ಟಿ ರಕ್ತ" ಅಂತ ನಕ್ಕರು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹೋಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡರೆ ಆ ಪಾಲು ಆಮ್ಲಜನಕ ಹೊರುವ ಕೆಲಸಕ್ಕೆ ಬರಲ್ಲ. ಆ ಕೊರತೆ ತುಂಬೋಕೆ ದೇಹ ಇನ್ನಷ್ಟು ತಯಾರು ಮಾಡುತ್ತದೆ. ಸೇದುವವರ ನಂಬರ್ ಚೂರು ಮೇಲಿರೋದು ಹಾಗೆ. ಇದನ್ನು ಅಲ್ಲೇ ಹೇಳಬೇಕಿತ್ತು, ಸುಮ್ನೆ ಬಂದೆ. ಈಗ ಇಲ್ಲಿ ಬರೆದು ಹೊಟ್ಟೆಯುರಿ ತೀರಿಸಿಕೊಳ್ಳುತ್ತಿದ್ದೇನೆ.

ನನ್ನ ತಕರಾರು ಇಷ್ಟೇ. ಹಿಮೋಗ್ಲೋಬಿನ್ ಕಮ್ಮಿ ಅಂದ ಕೂಡಲೇ ಅದನ್ನು ಹೆಂಗಸರ ತಪ್ಪು ಮಾಡುತ್ತೇವೆ. "ಸರಿಯಾಗಿ ತಿನ್ನಲ್ಲ" ಅಂತ ಬೈದು ಮುಗಿಸುತ್ತೇವೆ.

ಮೊದಲು ಆ ನಂಬರಿನ ಕಥೆ ನೋಡಿ. ಗಂಡಸರಿಗೆ 13, ಬಸುರಿಯಲ್ಲದ ಹೆಂಗಸರಿಗೆ 12. ಅದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಚಿಕ್ಕ ಹುಡುಗ ಹುಡುಗಿಯರಿಗೆ ಲೆಕ್ಕ ಒಂದೇ. ಮೀಸೆ ಮೂಡುವ ವಯಸ್ಸಿಗೆ ಟೆಸ್ಟೋಸ್ಟಿರಾನ್ ಹುಡುಗರ ನಂಬರ್ ಏರಿಸುತ್ತದೆ. ಅದೇ ವಯಸ್ಸಿಗೆ ಹುಡುಗಿಯರಿಗೆ ಮುಟ್ಟು ಶುರುವಾಗಿ, ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಕಬ್ಬಿಣ ತಿಂಗಳು ತಿಂಗಳು ಹೊರಗೆ ಹೋಗುತ್ತದೆ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಎತ್ತರ ಹೆಚ್ಚಿದಷ್ಟೂ ಉಸಿರಿಗೆ ಸಿಗುವ ಆಮ್ಲಜನಕ ಕಮ್ಮಿ, ಹಾಗಾಗಿ ರಕ್ತದಲ್ಲಿ ಹಿಮೋಗ್ಲೋಬಿನ್ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 500ರಿಂದ 999 ಮೀಟರ್ ಎತ್ತರದ ಊರುಗಳಲ್ಲಿ ಮಿತಿಗೆ 0.4 ಸೇರಿಸಬೇಕು. ಮೈಸೂರು ಇರೋದು ಸುಮಾರು 760 ಮೀಟರ್ ಮೇಲೆ. ಅಂದರೆ ಮಂಗಳೂರಲ್ಲಿ 12.2 ಇರುವ ಹೆಂಗಸು ಪಾಸು, ಅಷ್ಟೇ ಇರುವ ಮೈಸೂರಿನವಳು ಫೇಲು!

ಬಸುರಿಯರ ವಿಷಯ ಇನ್ನೂ ಮಜಾ. ನಮ್ಮ ನಾದಿನಿಗೆ ಆರನೇ ತಿಂಗಳಲ್ಲಿ 10.8 ಬಂದಾಗ ಮನೆಯಲ್ಲಿ ದೊಡ್ಡ ಗಲಾಟೆ. ಬಸುರಿಯಲ್ಲಿ ರಕ್ತದ ನೀರಿನಂಶ ಕೆಂಪುಕಣಗಳಿಗಿಂತ ಜಾಸ್ತಿ ಏರುತ್ತದೆ. ಸಾರಿಗೆ ನೀರು ಬೆರೆಸಿದ ಹಾಗೆ, ನಂಬರ್ ತೆಳುವಾಗುತ್ತದೆ. ಊರಿನ ಎತ್ತರದ ಲೆಕ್ಕ ಸೇರಿಸದಿದ್ದರೆ, ನಡುವಿನ ಮೂರು ತಿಂಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗೆರೆಯೇ 10.5. ಹಾಗಂತ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಬಿಡಬಾರದು. ಮಲ ಕಪ್ಪಗಾಯ್ತು ಅಂತ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಕಬ್ಬಿಣ ತಿಂದರೆ ಕಪ್ಪಗಾಗೋದು ಮಾಮೂಲು.

ಇನ್ನು ಬೀಟ್ರೂಟ್. ಅದರ ಬಣ್ಣ ನೋಡಿ ಮೋಸ ಹೋಗಿದ್ದೇವೆ. 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ನಮ್ಮ ರಾಗಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಇದೆ. ಹಾಗಾದರೆ ದಿನಾ ಮುದ್ದೆ ಉಣ್ಣುವ ಮಂಡ್ಯದ ಕಡೆಯವರಿಗೆ ರಕ್ತ ಕಮ್ಮಿ ಯಾಕೆ? ರಾಗಿಯಲ್ಲಿರುವ ಫೈಟೇಟ್ ಅನ್ನೋ ವಸ್ತು ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊಟ್ಟೆಗೆ ಹೋದದ್ದೆಲ್ಲ ಮೈಗೆ ಹತ್ತಲ್ಲ. ನೆನೆಸಿ ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. ಮಕ್ಕಳ ರಾಗಿ ಸರಿ ಮಾಡುವಾಗ ನಮ್ಮಜ್ಜಿ ಇದನ್ನೇ ಮಾಡುತ್ತಿದ್ದರು, ಫೈಟೇಟ್ ಹೆಸರು ಕೇಳದೇನೇ. ಸೊಪ್ಪಿನ ಬಸ್ಸಾರಿಗೆ ನಿಂಬೆಹಣ್ಣು ಹಿಂಡಿದರೂ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮೇಲಿಂದ ಟೀ ಕುಡಿದರೆ ಅಡ್ಡಿ. ಮಾಂಸದ ಕಬ್ಬಿಣ ಇದಕ್ಕೆಲ್ಲ ಅಷ್ಟಾಗಿ ಜಗ್ಗಲ್ಲ, ಸುಲಭವಾಗಿ ಹತ್ತುತ್ತದೆ. ಆದರೆ ನಮ್ಮ ಕಡೆ ಬಾಡೂಟದಲ್ಲಿ ಮೊದಲ ಪಂಕ್ತಿ ಯಾರದ್ದು, ಕೊನೆಗೆ ಬರೀ ಸಾರಲ್ಲಿ ಮುದ್ದೆ ಅದ್ದಿಕೊಳ್ಳೋರು ಯಾರು? ಗೊತ್ತಲ್ವಾ.

ರಕ್ತ ಕಮ್ಮಿಯಾಗೋಕೆ ಊಟವೊಂದೇ ಕಾರಣ ಅಲ್ಲ. ಬರಿಗಾಲಲ್ಲಿ ಗದ್ದೆಗಿಳಿದರೆ ಕೊಕ್ಕೆಹುಳು ಹತ್ತಬಹುದು. ಅದು ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಬಿ12 ಕೊರತೆ, ಕಿಡ್ನಿ ತೊಂದರೆ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ತಲಸ್ಸೀಮಿಯಾ, ಇವೂ ಇವೆ. ವಯಸ್ಸಾದ ಗಂಡಸರಲ್ಲಿ ಕಬ್ಬಿಣ ಇಳಿದರೆ "ವಯಸ್ಸಾಯ್ತು ಬಿಡಿ" ಅನ್ನಬೇಡಿ, ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ಡಾಕ್ಟರ್ ನೋಡಲೇಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 25 ಮಂದಿಗೆ ರಕ್ತಹೀನತೆ. ಇಷ್ಟು ಜನ ಹೆಂಗಸರೂ ಸೋಮಾರಿತನಕ್ಕೆ ಊಟ ಬಿಟ್ಟವರಾ?

ಶಿಬಿರದ ಮಾರನೇ ದಿನ ಊರಿಗೆ ಹೋಗಿ, ಅವ್ವನನ್ನು ಒತ್ತಾಯ ಮಾಡಿ ಟೆಸ್ಟ್‌ಗೆ ಕರೆದುಕೊಂಡು ಹೋದೆ. 9.4 ಬಂತು.

"ಯಾವಾಗಿಂದ ಸುಸ್ತು?" ಅಂತ ಡಾಕ್ಟರ್ ಕೇಳಿದರು.

"ಕೆಲ್ಸ ಮಾಡುದ್ರೆ ಸುಸ್ತಾಗಕಿಲ್ವಾ ಸಾ?" ಅಂದಳು.

ಮಾತ್ರೆ ತಗೊಂಡು ಮನೆಗೆ ಬಂದೆವು. ಎಲ್ಲರಿಗೂ ಬಡಿಸಿ, ಕೊನೆಗೆ ಉಂಡು, ಕೈ ತೊಳೆದವಳೇ ಟೀಗೆ ಇಟ್ಟಳು. "ಒಂದು ಗಂಟೆ ಬಿಟ್ಟು ಕುಡಿಯವ್ವ" ಅಂದೆ.

"ಅಷ್ಟೊತ್ತಿಗೆ ಹಾಲು ಕರೆಯೋ ಹೊತ್ತಾಯ್ತದೆ ಕಣವ್ವ" ಅಂದು ಸಕ್ಕರೆ ಡಬ್ಬಿ ತೆಗೆದಳು.